‘ಇಲ್ಲ’ ಅನ್ನುವ ಮುಂಚೆ

ಹರಪನಹಳ್ಳಿ ತಾಲ್ಲೂಕಿನ ಒಂದು ಊರಿನಲ್ಲಿ ನನ್ನ ಸೋದರತ್ತೆ ಇದ್ದಾರೆ. ಮಾವ ತೀರಿಕೊಂಡ ಮೇಲೆ ಹೊಲ ಅವರ ಹೆಸರಿಗೆ ಬಂತು. ಮುಂಗಾರಿನ ಹೊತ್ತಿಗೆ ಸೊಸೈಟಿಯಲ್ಲಿ ಬೆಳೆಸಾಲ ತೆಗೆಯುತ್ತಾರೆ, ಮೆಕ್ಕೆಜೋಳ ಹಾಕುತ್ತಾರೆ, ಮಾರಿದ ಮೇಲೆ ಸಾಲ ಕಟ್ಟುತ್ತಾರೆ. ಕಳೆದ ದೀಪಾವಳಿಗೆ ಹೋದಾಗ ರೊಟ್ಟಿ ಬಡಿಯುತ್ತಲೇ, ‘ಆ ನಿನ್ನ ಪಿಎಚ್‌ಡಿ ಎಲ್ಲಿಗೆ ಬಂತವ್ವಾ?’ ಎಂದು ಕೇಳಿದರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕುಗಳಲ್ಲಿ ಹೊಲ ತಮ್ಮ ಹೆಸರಿಗಿರುವ ಹೆಣ್ಣುಮಕ್ಕಳು ಸಾಲವನ್ನು ಎಲ್ಲಿಂದ ತರುತ್ತಾರೆ ಎಂಬುದರ ಮೇಲೆ ನನ್ನ ಕೆಲಸ. ಅದನ್ನು ನನಗೆ ತಿಳಿದ ಹಾಗೆ ವಿವರಿಸಿ, ‘ಉಳಿದ ಕಡೆ ಪರವಾಗಿಲ್ಲ ಅತ್ತಿ, ನಿಮ್ಮ ಹರಪನಹಳ್ಳಿ ಕಡೆ ಸೊಸೈಟಿ ಸಾಲ ತಗೊಂಡ ಹೆಣ್ಣುಮಕ್ಕಳು ಒಬ್ಬರೂ ಇಲ್ಲ’ ಎಂದೆ.

ಅತ್ತೆ ಬಡಿಯುವುದನ್ನು ನಿಲ್ಲಿಸಿದರು. ‘ಹಂಗಾರ ನಾನು ಇಲ್ಲೇನವ್ವಾ?’

ನನಗೆ ನಗು ಬಂತು, ಆಮೇಲೆ ನಾಚಿಕೆಯಾಯಿತು. ಅತ್ತೆ ಸಾಲ ತೆಗೆಯುವುದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಕೋಷ್ಟಕ ನೋಡುವಾಗ ಮಾತ್ರ ಅತ್ತೆ ನೆನಪಾಗಿರಲಿಲ್ಲ. ಅವರ ಊರು ನನ್ನ ಸಮೀಕ್ಷೆಯ ಪಟ್ಟಿಯಲ್ಲಿಲ್ಲ, ಒಬ್ಬರ ಉದಾಹರಣೆಯಿಂದ ಕೋಷ್ಟಕ ಸುಳ್ಳಾಗುವುದಿಲ್ಲ ಎಂದು ಮನಸ್ಸಿನಲ್ಲೇ ವಾದ ಹೂಡಿದೆ. ಆದರೆ ಅತ್ತೆ ಅಷ್ಟಕ್ಕೆ ಬಿಡಲಿಲ್ಲ. ಪಕ್ಕದೂರಿನಲ್ಲಿ ತಮ್ಮ ಜೊತೆಗೇ ಸೊಸೈಟಿಯ ಮುಂದೆ ಸಾಲಿನಲ್ಲಿ ನಿಲ್ಲುವವರನ್ನು ಬೆರಳು ಮಡಚಿ ಎಣಿಸತೊಡಗಿದರು. ಆ ಪಕ್ಕದೂರು ನನ್ನ ಪಟ್ಟಿಯಲ್ಲಿತ್ತು. ಅತ್ತೆಯ ಒಂದು ಕೈಬೆರಳು ಮುಗಿದು ಇನ್ನೊಂದು ಕೈಗೆ ಬಂದಾಗ ನಾನು ಎಣಿಸುವುದು ಸಾಕು ಎಂದೆ.

ಆ ಸೊನ್ನೆಯನ್ನು ಅದಾಗಲೇ ವಿಭಾಗದ ಸೆಮಿನಾರಿನಲ್ಲಿ ಓದಿದ್ದೆ. ಸೊನ್ನೆಗೆ ಕಾರಣವನ್ನೂ ಎರಡು ಪುಟ ಬರೆದಿದ್ದೆ. ಹರಪನಹಳ್ಳಿ 1997ರಲ್ಲಿ ಬಳ್ಳಾರಿ ಜಿಲ್ಲೆ ಬಿಟ್ಟು ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಹೀಗೆ ಜಿಲ್ಲೆ ಬದಲಾಗುತ್ತಲೇ ಇದ್ದರೆ ಜಿಲ್ಲಾ ಸಹಕಾರ ಬ್ಯಾಂಕು ಮತ್ತು ಊರಿನ ಸೊಸೈಟಿಯ ನಡುವಿನ ಕೊಂಡಿ ಸಡಿಲಾಗುತ್ತದೆ, ಅದರ ಪೆಟ್ಟು ಮೊದಲು ಬೀಳುವುದು ಹೆಂಗಸರ ಮೇಲೆ ಎಂಬುದು ನನ್ನ ವಾದವಾಗಿತ್ತು. ಕೇಳಿದವರೆಲ್ಲ ತಲೆದೂಗಿದರು. ಒಬ್ಬರು ಜಾತಿಯ ಆಯಾಮ ಸೇರಿಸಿ ಎಂದರು, ಇನ್ನೊಬ್ಬರು ವಲಸೆಯನ್ನು ನೋಡಿ ಎಂದರು. ಕಾರಣಗಳ ಬಗ್ಗೆ ಮುಕ್ಕಾಲು ಗಂಟೆ ಚರ್ಚೆ ನಡೆಯಿತು. ಸೊನ್ನೆ ನಿಜವೇ ಎಂದು ಯಾರೂ ಕೇಳಲಿಲ್ಲ. ಅವರನ್ನು ದೂರುವುದಿಲ್ಲ, ನಾನೇ ಕೇಳಿಕೊಂಡಿರಲಿಲ್ಲ.

*

ಆದದ್ದು ಇಷ್ಟು. ನನ್ನ ಮಾಹಿತಿ ಎರಡು ಕಡೆ ಇತ್ತು. ಮನೆಮನೆಯ ಸಮೀಕ್ಷೆ ಮತ್ತು ನಾಲ್ಕು ತಾಲ್ಲೂಕುಗಳ ಸಾಲದ ವಿವರ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ. ಹರಪನಹಳ್ಳಿಯ ಸಾಲದ ವಿವರ ಮಾತ್ರ, ಆ ತಾಲ್ಲೂಕು ಬೇರೆ ಜಿಲ್ಲೆಯಲ್ಲಿದ್ದಾಗ ಬೇರೆಯವರು ಕಟ್ಟಿದ್ದರಿಂದ, ಒರಾಕಲ್ ಡೇಟಾಬೇಸಿನಲ್ಲಿ. ಎರಡನ್ನೂ ಓದಿ, ಹೊಂದಿಸಿ, ಒಂದು ಕೋಷ್ಟಕ ಮಾಡಿಕೊಡುವ ಸಣ್ಣ ಕೆಲಸವೊಂದು ವಾರಕ್ಕೊಮ್ಮೆ ರಾತ್ರಿ ಸರ್ವರಿನಲ್ಲಿ ತಾನಾಗಿಯೇ ನಡೆಯುತ್ತಿತ್ತು. ಡೇಟಾ ಇಂಟಿಗ್ರೇಷನ್ ಎಂದು ದೊಡ್ಡ ಹೆಸರಿನಿಂದ ಕರೆಯುವುದು ಇದನ್ನೇ.

ಇಲ್ಲಿ ಒಂದು ವಿವರ ಹೇಳಬೇಕು. ಒಂದು ಪ್ರೋಗ್ರಾಮು ಡೇಟಾಬೇಸಿನ ಜೊತೆ ನೇರವಾಗಿ ಮಾತಾಡಲಾರದು. ಒರಾಕಲ್‌ಗೆ ಒರಾಕಲ್‌ನದೇ ಮಾತು, ಪೋಸ್ಟ್‌ಗ್ರೆಸ್‌ಗೆ ಅದರದೇ ಮಾತು. ನಡುವೆ ದುಭಾಷಿಯೊಬ್ಬ ಬೇಕು. ಆ ದುಭಾಷಿಗೆ ಕ್ಲೈಂಟ್ ಲೈಬ್ರರಿ ಎಂದು ಹೆಸರು. ಲೈಬ್ರರಿ ಎಂದರೆ ಪುಸ್ತಕದ ಮನೆಯಲ್ಲ. ಇನ್ನೊಬ್ಬರು ಬರೆದಿಟ್ಟ, ನಮ್ಮ ಪ್ರೋಗ್ರಾಮು ಎರವಲು ಪಡೆದು ಬಳಸುವ ಕೆಲಸಗಳ ಕಡತ. ಈ ದುಭಾಷಿಗೂ ಹಲವು ಕೆಲಸಕ್ಕೆ ಬೇರೆ ಲೈಬ್ರರಿಗಳ ನೆರವು ಬೇಕು. ಪರವಾನಗಿಯ ಕಾರಣಕ್ಕೆ ಹಲವು ಉಪಕರಣಗಳು ದುಭಾಷಿಯನ್ನು ಜೊತೆಗೆ ಕೊಡುವುದಿಲ್ಲ, ನಾವೇ ತಂದು ಕೂರಿಸಬೇಕು. ಒಮ್ಮೆ ಕೂರಿಸಿದ ಮೇಲೆ ಅದು ಇದೆ ಎಂಬುದೇ ಮರೆತುಹೋಗುತ್ತದೆ. ಮನೆಯ ಅಡಿಪಾಯದ ಹಾಗೆ, ಕುಸಿಯುವ ತನಕ ನೆನಪಿಗೆ ಬರುವುದಿಲ್ಲ.

ಸೆಮಿನಾರಿಗೆ ಸ್ವಲ್ಪ ಮುಂಚೆ ನಮ್ಮ ಸರ್ವರನ್ನು ಉಬುಂಟು 24.04 ಆವೃತ್ತಿಗೆ ಏರಿಸಿದ್ದರು. ಅವತ್ತಿನಿಂದ ಒರಾಕಲ್ ಕಡೆಯ ಹೆಜ್ಜೆ ಪ್ರತಿ ಸಲವೂ ಬಿದ್ದಿದೆ. ಬಿದ್ದದ್ದು ನನಗೆ ತಿಳಿಯಲಿಲ್ಲ, ಯಾಕೆಂದರೆ ‘ಒಂದು ಹೆಜ್ಜೆ ಬಿದ್ದರೂ ಮುಂದಕ್ಕೆ ಹೋಗು’ ಎಂದು ಬರೆದವಳು ನಾನೇ. ಅಷ್ಟೇ ಅಲ್ಲ, ‘ಸಾಲದ ಕಲಮು ಖಾಲಿ ಇದ್ದರೆ ಸೊನ್ನೆ ತುಂಬು’ ಎಂದೂ ಬರೆದಿದ್ದೆ. ಬರೆದಾಗ ಅದು ಜಾಣತನವಾಗಿ ಕಂಡಿತ್ತು. ಖಾಲಿ ಜಾಗಗಳಿದ್ದರೆ ಸರಾಸರಿ ತೆಗೆಯುವಾಗ ತಕರಾರು ಬರುತ್ತದಲ್ಲ! ಹೀಗಾಗಿ ಹರಪನಹಳ್ಳಿಯ ಮನೆಗಳೆಲ್ಲ ಬಂದವು, ಅವುಗಳ ಮುಂದೆ ಸಾಲದ ವಿವರ ಬರಲಿಲ್ಲ, ಖಾಲಿ ಜಾಗಕ್ಕೆಲ್ಲ ಸೊನ್ನೆ ಬಿತ್ತು. ಕೋಷ್ಟಕ ನೋಡಲು ಅಚ್ಚುಕಟ್ಟಾಗಿಯೇ ಇತ್ತು.

ಹಬ್ಬ ಮುಗಿಸಿ ಬಂದು ದಾಖಲೆಯ ಕಡತ ತೆರೆದೆ. ಮೊದಲು ಬಿದ್ದ ತಪ್ಪು ಯಾವುದು ಎಂದು ನೋಡಬೇಕು, ಕೊನೆಯದನ್ನಲ್ಲ. ಕೊನೆಯ ಸಾಲುಗಳೆಲ್ಲ ಮೊದಲ ತಪ್ಪಿನ ಮಕ್ಕಳು, ಮೊಮ್ಮಕ್ಕಳು. ಅಲ್ಲಿದ್ದ ಸಂದೇಶ ಒಂದೇ ಸಾಲಿನದು: ಒರಾಕಲ್ ಡ್ರೈವರಿನ ಕಡತ ತೆರೆಯಲಾಗುತ್ತಿಲ್ಲ, ಫೈಲ್ ಸಿಗಲಿಲ್ಲ.

ನಮ್ಮ ಕಡೆಯವರಿಗೆ ಇಂಥ ಒಂದು ಸಾಲಿನ ಮಾತು ಹೊಸದಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾನೆ. ಸೇರಿದ ಜನಸಾಗರ ಉಸಿರು ಹಿಡಿಯುತ್ತದೆ. ಒಂದು ವಾಕ್ಯದ ಕಾರಣಿಕ ನುಡಿದು ಕೆಳಗೆ ಬೀಳುತ್ತಾನೆ. ಮರುಗಳಿಗೆಯಿಂದ ಅರ್ಥ ಹೇಳುವವರು ಶುರುವಾಗುತ್ತಾರೆ. ರೈತ ಅದರಲ್ಲಿ ಮಳೆ ಕಾಣುತ್ತಾನೆ, ರಾಜಕಾರಣಿ ಸರ್ಕಾರ ಕಾಣುತ್ತಾನೆ. ಕಂಪ್ಯೂಟರಿನ ತಪ್ಪು ಸಂದೇಶಕ್ಕೂ ಇದೇ ಗತಿ. ನೆಟ್‌ವರ್ಕ್ ನೋಡಿಕೊಳ್ಳುವವರು ನೆಟ್‌ವರ್ಕ್ ಹೋಗಿರಬೇಕು ಎಂದರು. ಮಾಹಿತಿ ಕೊಟ್ಟವರು ಪಾಸ್‌ವರ್ಡ್ ಬದಲಾಯಿಸಿದ್ದೇವೇನೋ ಎಂದರು. ನಾನು ಲೈಬ್ರರಿ ಅಳಿಸಿಹೋಗಿದೆ ಎಂದುಕೊಂಡು ಮತ್ತೆ ಕೂರಿಸಿದೆ. ಮತ್ತೆ ಅದೇ ಸಾಲು. ಕಾರಣಿಕಕ್ಕೆ ಅರ್ಥ ಹಚ್ಚುವವರು ಹೇಳುವುದು ತಮ್ಮ ತಮ್ಮ ಅಂಜಿಕೆಯನ್ನು. ಸಂದೇಶ ಏನು ಹೇಳುತ್ತಿದೆ ಎಂಬುದಕ್ಕಿಂತ, ಅದನ್ನು ಹೇಳುತ್ತಿರುವವರು ಎಲ್ಲಿ ನಿಂತಿದ್ದಾರೆ, ಅವರಿಗೆ ಏನು ಕಾಣಬಲ್ಲುದು ಎಂದು ಕೇಳಿಕೊಳ್ಳಬೇಕಾಗಿತ್ತು.

ಕೊನೆಗೆ ಹಾಗೆ ಕೇಳಿಕೊಂಡೆ. ಸಿಗಲಿಲ್ಲ ಎಂದ ಕಡತ ನಿಜಕ್ಕೂ ಇದೆಯೇ ಎಂದು ಆ ಜಾಗಕ್ಕೆ ಹೋಗಿ ನೋಡಿದೆ. ಇತ್ತು! ಓದುವ ಅನುಮತಿಯೂ ಇತ್ತು. 64 ಬಿಟ್‌ನ ಯಂತ್ರಕ್ಕೆ 32 ಬಿಟ್‌ನ ಕಡತ ಕೊಟ್ಟರೂ ಕೆಲಸ ಕೆಡುತ್ತದೆ, ಅದೂ ಸರಿಯಿತ್ತು. ನಾವು ಕೈಯಾರೆ ಓಡಿಸಿದಾಗ ನಡೆದು, ರಾತ್ರಿ ತಾನಾಗಿ ಓಡುವಾಗ ಬೀಳುವ ಕೆಲಸಗಳುಂಟು. ಲೈಬ್ರರಿ ಇರುವ ದಾರಿಯನ್ನು ನಮ್ಮ ಲಾಗಿನ್‌ಗೆ ಮಾತ್ರ ಹೇಳಿಕೊಟ್ಟಿರುತ್ತೇವೆ, ರಾತ್ರಿಯ ಕೆಲಸಕ್ಕೆ ಹೇಳಿರುವುದಿಲ್ಲ. ಇದು ಅದೂ ಅಲ್ಲ. ಆಮೇಲೆ ಎಲ್‌ಡಿಡಿ ಎಂಬ ಆದೇಶ ಕೊಟ್ಟೆ. ಒಂದು ಲೈಬ್ರರಿ ಇನ್ನು ಯಾವ ಯಾವ ಲೈಬ್ರರಿಗಳನ್ನು ನೆಚ್ಚಿಕೊಂಡಿದೆ, ಅವು ಸಿಗುತ್ತಿವೆಯೇ ಎಂದು ಅದು ಪಟ್ಟಿ ಕೊಡುತ್ತದೆ. ಪಟ್ಟಿಯಲ್ಲಿ ಒಂದರ ಮುಂದೆ ‘ಸಿಗಲಿಲ್ಲ’ ಎಂದಿತ್ತು. ಅದರ ಹೆಸರು ಲಿಬ್‌ಎಐಓ.ಎಸ್‌ಓ.1.

ಅಂದರೆ ಇಲ್ಲವೆಂದು ಹೇಳಲಾದ ಕಡತ ಇತ್ತು. ಅದು ನೆಚ್ಚಿಕೊಂಡಿದ್ದ ಇನ್ನೊಂದು ಇರಲಿಲ್ಲ. ಮೇಲಿನವನಿಗೆ ಒಳಗಿನ ಈ ಭೇದ ಕಾಣದೆ ಎರಡಕ್ಕೂ ‘ಫೈಲ್ ಸಿಗಲಿಲ್ಲ’ ಎಂಬ ಒಂದೇ ಮಾತು ಹೇಳುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ.

ಕತೆ ಇಲ್ಲಿಗೂ ಮುಗಿಯಲಿಲ್ಲ. ಆ ಲಿಬ್‌ಎಐಓ ಕೂಡ ಸರ್ವರಿನಲ್ಲೇ ಇತ್ತು, ಬೇರೆ ಹೆಸರಿನಲ್ಲಿ. ಹಳೆಯ 32 ಬಿಟ್‌ನ ವ್ಯವಸ್ಥೆಗಳು 1970ರಿಂದ ಕಾಲವನ್ನು ಸೆಕೆಂಡುಗಳಲ್ಲಿ ಎಣಿಸುತ್ತಾ ಬಂದಿವೆ. 2038ರ ಜನವರಿ 19ರಂದು ಆ ಎಣಿಕೆ ತನ್ನ ಮಿತಿ ದಾಟುತ್ತದೆ. ಅದಕ್ಕೆ ತಯಾರಾಗಲು ಉಬುಂಟು ತನ್ನ 24.04 ಆವೃತ್ತಿಯಲ್ಲಿ ಹಲವು ಪ್ಯಾಕೇಜುಗಳ ಹೆಸರಿಗೆ ಟಿ64 ಎಂಬ ಬಾಲ ಸೇರಿಸಿತು. ಆ ಬದಲಾವಣೆಯಲ್ಲಿ ಲಿಬ್‌ಎಐಓ.ಎಸ್‌ಓ.1 ಎಂಬ ಕಡತ ಲಿಬ್‌ಎಐಓ.ಎಸ್‌ಓ.1ಟಿ64 ಆಯಿತು. ಒರಾಕಲ್‌ನ ದುಭಾಷಿಗೆ ಈ ಸುದ್ದಿ ಮುಟ್ಟಿರಲಿಲ್ಲ. ಅವನು ಹಳೆಯ ಹೆಸರು ಹಿಡಿದು ಕೂಗುತ್ತಿದ್ದ, ಹೊಸ ಹೆಸರಿನವನು ಓಗೊಡಲಿಲ್ಲ. ಹಳೆಯ ಹೆಸರಿನಿಂದ ಹೊಸ ಕಡತಕ್ಕೆ ಒಂದು ಕೊಂಡಿ ಹಾಕಿದೆ. ಒಂದು ಸಾಲಿನ ಆದೇಶ, ಅರ್ಧ ನಿಮಿಷದ ಕೆಲಸ. ಹರಪನಹಳ್ಳಿಯ ಹೆಣ್ಣುಮಕ್ಕಳು ಕೋಷ್ಟಕಕ್ಕೆ ಬಂದರು.

*

ಅವತ್ತಿನಿಂದ ನನ್ನನ್ನು ಕಾಡುತ್ತಿರುವುದು ಲೈಬ್ರರಿಯ ಪ್ರಶ್ನೆಯಲ್ಲ. ಒಂದು ವಸ್ತು ಇಲ್ಲ ಎಂದು ನಾವು ಹೇಳುವುದು ಯಾವ ಅಧಿಕಾರದಿಂದ? ಕಾಣಲಿಲ್ಲ ಎಂಬುದರಿಂದ ಇಲ್ಲ ಎಂಬಲ್ಲಿಗೆ ಯಾವಾಗ ಹೋಗಬಹುದು?

ಭಾರತೀಯ ತತ್ತ್ವಶಾಸ್ತ್ರದಲ್ಲಿ ಇದರ ಮೇಲೆ ಶತಮಾನಗಳ ಜಗಳವಿದೆ. ಏಳನೆಯ ಶತಮಾನದ ಮೀಮಾಂಸಕ ಕುಮಾರಿಲಭಟ್ಟನ ಪಂಥದವರು, ಆಮೇಲೆ ಅದ್ವೈತಿಗಳು, ‘ಅನುಪಲಬ್ಧಿ’ ಎಂಬುದನ್ನು ಒಂದು ಪ್ರತ್ಯೇಕ ಪ್ರಮಾಣವಾಗಿ ಒಪ್ಪಿದರು. ನೆಲದ ಮೇಲೆ ಮಡಕೆ ಇಲ್ಲ ಎಂಬುದು ನಮಗೆ ಹೇಗೆ ತಿಳಿಯುತ್ತದೆ? ಇಲ್ಲದ ಮಡಕೆಗೆ ಕಣ್ಣು ತಾಗಲಾರದು. ಆದ್ದರಿಂದ ಕಾಣದಿರುವುದೇ ಇಲ್ಲಿ ಜ್ಞಾನದ ದಾರಿ ಎಂದರು. ನೈಯಾಯಿಕರು ಒಪ್ಪಲಿಲ್ಲ. ಅಭಾವವನ್ನೂ ಕಣ್ಣಿನಿಂದಲೇ ತಿಳಿಯುತ್ತೇವೆ, ಬೇರೊಂದು ಪ್ರಮಾಣ ಬೇಡ ಎಂದರು. ಪ್ರಾಭಾಕರರು ಇನ್ನೂ ಮುಂದೆ ಹೋಗಿ, ಮಡಕೆಯ ಅಭಾವ ಎಂಬ ಬೇರೆ ಪದಾರ್ಥವೇ ಇಲ್ಲ, ಇರುವುದು ಬರಿಯ ನೆಲ ಎಂದರು.

ಇಷ್ಟು ಜಗಳದ ನಡುವೆಯೂ ಅನುಪಲಬ್ಧಿವಾದಿಗಳು ಮತ್ತು ನೈಯಾಯಿಕರು ಒಂದು ಷರತ್ತನ್ನು ಕೈಬಿಡಲಿಲ್ಲ. ಅದು ಯೋಗ್ಯತೆ. ಮಡಕೆ ಇದ್ದಿದ್ದರೆ ಕಾಣಲೇಬೇಕಿತ್ತು ಎನ್ನುವಂಥ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಮಡಕೆ ಇಲ್ಲ ಎನ್ನಬಹುದು. ಬೆಳಕಿರಬೇಕು, ಕಣ್ಣು ನೆಟ್ಟಗಿರಬೇಕು, ವಸ್ತು ಕಣ್ಣಿಗೆ ಕಾಣುವ ಜಾತಿಯದಾಗಿರಬೇಕು. ಕತ್ತಲ ಕೋಣೆಯಲ್ಲಿ ಮಡಕೆ ಕಾಣದಿದ್ದರೆ ತಿಳಿಯುವುದು ಕತ್ತಲಿದೆ ಎಂಬುದಷ್ಟೇ. ಧರ್ಮ, ಅಧರ್ಮಗಳು ಕಣ್ಣಿಗೆ ಕಾಣುವಂಥವೇ ಅಲ್ಲವಾದ್ದರಿಂದ, ಕಾಣಲಿಲ್ಲವೆಂದು ಅವು ಇಲ್ಲ ಎನ್ನಲಾಗದು ಎಂದು ಅದ್ವೈತಿಗಳು ಉದಾಹರಣೆ ಕೊಡುತ್ತಾರೆ.

ಈ ಷರತ್ತನ್ನು ನಾನು ಎಂ.ಎ.ಯಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೇನೆ. ಸರ್ವರಿನ ಮುಂದೆ ಕೂತಾಗ ಅದು ನೆನಪಿಗೆ ಬರಲಿಲ್ಲ. ಕಾಣೆಯಾದ ಲೈಬ್ರರಿಯನ್ನು ಹುಡುಕುವಾಗ ನಾನು ಹಾಕಿದ ಒಂದೊಂದು ಹೆಜ್ಜೆಯೂ ಯೋಗ್ಯತೆಯ ಪರೀಕ್ಷೆಯೇ. ಕಡತ ಆ ಜಾಗದಲ್ಲಿದೆಯೇ, ಈ ಕೆಲಸ ಓಡಿಸುವವರಿಗೆ ಆ ಜಾಗ ಕಾಣುತ್ತದೆಯೇ, ಅದು ನೆಚ್ಚಿಕೊಂಡದ್ದು ಸಿಗುತ್ತಿದೆಯೇ, ಹೆಸರು ಬದಲಾಗಿದೆಯೇ. ಎಲ್ಲವೂ ಒಂದೇ ಪ್ರಶ್ನೆಯ ರೂಪಗಳು: ಇದ್ದಿದ್ದರೆ ನನಗೆ ಕಾಣುತ್ತಿತ್ತೇ? ಇಷ್ಟು ಕೇಳದೆ ಹೇಳಿದ ‘ಇಲ್ಲ’ ತಪ್ಪಾಗುತ್ತದೆ ಎಂದೇನೂ ಅಲ್ಲ. ಕೆಲವೊಮ್ಮೆ ಸರಿಯೂ ಆಗಬಹುದು. ಆದರೆ ಅದು ಜ್ಞಾನವಲ್ಲ, ಅದೃಷ್ಟ.

ಡೇಟಾಬೇಸು ಕಟ್ಟಿದವರಿಗೂ ಈ ಭೇದ ಗೊತ್ತಿತ್ತು. ಎಡ್ಗರ್ ಕಾಡ್ 1970ರಲ್ಲಿ ಕೋಷ್ಟಕಗಳ ಸಂಬಂಧದ ಮೇಲೆ ನಿಂತ ಡೇಟಾಬೇಸಿನ ಕಲ್ಪನೆ ಕೊಟ್ಟರು. ಆ ಪರಂಪರೆಯಲ್ಲಿ ಗೊತ್ತಿಲ್ಲದ್ದಕ್ಕೆ ‘ನಲ್’ ಎಂಬ ಗುರುತು ಬಂತು. ನಲ್ ಎಂದರೆ ಸೊನ್ನೆಯಲ್ಲ, ಖಾಲಿ ಅಕ್ಷರವೂ ಅಲ್ಲ. ಹೌದು, ಅಲ್ಲ ಎಂಬ ಎರಡರ ಜೊತೆಗೆ ‘ಗೊತ್ತಿಲ್ಲ’ ಎಂಬ ಮೂರನೆಯ ಉತ್ತರಕ್ಕೆ ಎಸ್‌ಕ್ಯೂಎಲ್ ಭಾಷೆಯಲ್ಲಿ ಜಾಗವಿದೆ. ಯಂತ್ರ ನನಗೆ ಪ್ರಾಮಾಣಿಕವಾಗಿ ‘ಗೊತ್ತಿಲ್ಲ’ ಎಂದೇ ಹೇಳಿತ್ತು. ಆ ‘ಗೊತ್ತಿಲ್ಲ’ವನ್ನು ‘ಇಲ್ಲ’ ಮಾಡಿದ್ದು ನಾನು ಬರೆದ ಒಂದು ಸಾಲು.

*

ಇದು ಒಬ್ಬ ವಿದ್ಯಾರ್ಥಿಯ ಕೋಷ್ಟಕದ ಮಾತಾಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಆದರೆ ಈ ಐದು ತಾಲ್ಲೂಕುಗಳವರಿಗೆ ಪಟ್ಟಿಯಲ್ಲಿ ಕಾಣದಿರುವ ಅನುಭವ ಹಳೆಯದು. 2011ರ ಜನಗಣತಿ ತೆರೆದು ಕೊಟ್ಟೂರು ತಾಲ್ಲೂಕು ಎಂದು ಹುಡುಕಿ, ಸಿಗುವುದಿಲ್ಲ. ಕೊಟ್ಟೂರು ಆಗ ಕೂಡ್ಲಿಗಿ ತಾಲ್ಲೂಕಿನೊಳಗಿನ ಒಂದು ಪಟ್ಟಣ. ಬಳ್ಳಾರಿ ಜಿಲ್ಲೆಯ ಪಟ್ಟಿಯಲ್ಲಿ ಹರಪನಹಳ್ಳಿ ಹುಡುಕಿ, ಸಿಗುವುದಿಲ್ಲ. ಅದು ದಾವಣಗೆರೆಯ ಪುಟದಲ್ಲಿದೆ. ವಿಜಯನಗರ ಜಿಲ್ಲೆಯಂತೂ ಇಲ್ಲವೇ ಇಲ್ಲ. ಊರುಗಳು ಅಲ್ಲೇ ಇವೆ, ಕೊಟ್ಟೂರೇಶ್ವರನ ತೇರು ಅದೇ ಬೀದಿಯಲ್ಲಿ ಎಳೆಯುತ್ತಾರೆ. ಹೆಸರು ಬೇರೆ ಕಪಾಟಿನಲ್ಲಿದೆ, ಅಷ್ಟೆ. ಲಿಬ್‌ಎಐಓಗೆ ಆದದ್ದೂ ಇದೇ.

ಹೆಸರು ಸಿಕ್ಕರೂ ಅರ್ಥ ಹೊಂದದಿರಬಹುದು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಮದ್ರಾಸಿನ ಲೆಕ್ಕದಲ್ಲಿ ಎಕರೆಗೆ ನೂರು ಸೆಂಟ್ಸ್. ಮೈಸೂರಿನ ಲೆಕ್ಕದಲ್ಲಿ ಎಕರೆಗೆ ನಲವತ್ತು ಗುಂಟೆ. ನಮ್ಮ ಅತ್ತೆಯ ಹೊಲ ‘ಎರಡು ಇಪ್ಪತ್ತು’. ಸೆಂಟ್ಸ್ ಎಂದು ಓದಿದರೆ ಎರಡೂ ಕಾಲು ಎಕರೆಗಿಂತ ಒಂದಿಷ್ಟು ಕಡಿಮೆ, ಗುಂಟೆ ಎಂದು ಓದಿದರೆ ಎರಡೂವರೆ ಎಕರೆ. ಅಂಕಿ ಒಂದೇ, ದುಭಾಷಿ ಬದಲಾದರೆ ಮೂವತ್ತು ಸೆಂಟ್ಸ್ ನೆಲ ಹುಟ್ಟುತ್ತದೆ ಅಥವಾ ಸಾಯುತ್ತದೆ.

‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ ಪಹಣಿಗಳು ಕಂಪ್ಯೂಟರಿಗೆ ಬಂದಾಗ ಕೈಬರಹದ ಪಹಣಿಗೆ ಬೆಲೆ ಹೋಯಿತು. ಲಂಚ ಕಡಿಮೆಯಾಯಿತು, ತಿದ್ದುವವರ ಕೈ ಕಟ್ಟಿತು ಎಂದು ನಮ್ಮ ಹಿರಿಯರು ಅದನ್ನು ಮೆಚ್ಚುತ್ತಾರೆ, ನಾನೂ ಮೆಚ್ಚುತ್ತೇನೆ. ಅಂದಿನಿಂದ ಒಂದು ಸಂಗತಿ ಮಾತ್ರ ಬದಲಾಯಿತು. ಮೊದಲು ‘ಇಲ್ಲ’ ಎನ್ನುವವನಿಗೆ ಒಂದು ಮುಖ ಇರುತ್ತಿತ್ತು. ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ಅವನನ್ನು ಬೈಯಬಹುದಿತ್ತು, ಕಾಡಿ ಬೇಡಬಹುದಿತ್ತು, ನಾಳೆ ಮತ್ತೆ ಬರುತ್ತೇನೆ ಎನ್ನಬಹುದಿತ್ತು. ಈಗಿನ ಪೂಜಾರಿ ಕಣ್ಣಿಗೆ ಕಾಣುವುದಿಲ್ಲ. ಕೌಂಟರಿನಲ್ಲಿ ಕೂತ ಹುಡುಗ ಪರದೆ ನಮ್ಮ ಕಡೆ ತಿರುಗಿಸಿ, ‘ನೋಡಮ್ಮ, ನಿಮ್ಮ ಹೆಸರು ಬರ್ತಾ ಇಲ್ಲ’ ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಅವನಿಗೆ ಕಂಡದ್ದನ್ನೇ ಹೇಳುತ್ತಿದ್ದಾನೆ. ಹೆಸರು ಇಲ್ಲವೋ, ಹೆಸರು ತರುವ ದುಭಾಷಿ ಇಲ್ಲವೋ ಎಂಬುದು ಅವನ ಪರದೆಗೂ ಗೊತ್ತಿಲ್ಲ.

ಎರಡು ಬಗೆಯ ‘ಇಲ್ಲ’ಗಳನ್ನು ಇಲ್ಲಿ ಬೇರೆ ಮಾಡಬೇಕು. ಸಂವಿಧಾನದ 98ನೇ ತಿದ್ದುಪಡಿಯಿಂದ 371 ಜೆ ವಿಧಿ ಬಂದು 2013ರಲ್ಲಿ ಜಾರಿಯಾದಾಗ, ಹೈದರಾಬಾದ್ ಕರ್ನಾಟಕದ ಆರು ಜಿಲ್ಲೆಗಳಿಗೆ ಓದಿನಲ್ಲಿ, ಉದ್ಯೋಗದಲ್ಲಿ ಮೀಸಲು ಸಿಕ್ಕಿತು. ಬಳ್ಳಾರಿ ಅದರಲ್ಲಿತ್ತು. ಅಷ್ಟರಲ್ಲಿ ದಾವಣಗೆರೆಯ ಪಾಲಾಗಿದ್ದ ಹರಪನಹಳ್ಳಿ ಇರಲಿಲ್ಲ. ಗಡಿಯ ಈಚೆಗಿನ ಹಡಗಲಿಯ ಹುಡುಗಿಗೆ ಸಿಕ್ಕ ಸೀಟು ಆಚೆಗಿನ ಹುಡುಗಿಗೆ ಸಿಗುವಂತಿರಲಿಲ್ಲ. ಅದು ಕಠಿಣವಾದ ‘ಇಲ್ಲ’. ಆದರೆ ಬಾಯಿಬಿಟ್ಟು ಹೇಳಿದ ‘ಇಲ್ಲ’. ಯಾವ ಪಟ್ಟಿ, ಯಾಕೆ, ಯಾರು ಮಾಡಿದ್ದು ಎಂಬುದು ಗೊತ್ತಿತ್ತು. ಆದ್ದರಿಂದಲೇ ಜನ ಬೀದಿಗಿಳಿದರು, ಹೋರಾಡಿದರು, 2018ರಲ್ಲಿ ತಾಲ್ಲೂಕು ಬಳ್ಳಾರಿಗೆ ಮರಳಿತು. ಆ ತಾಲ್ಲೂಕಿನವರು ಹೋರಾಡಲಾರದ್ದು ನನ್ನ ಸೊನ್ನೆಯ ಜೊತೆ. ತಮ್ಮನ್ನು ಹೊರಗಿಡಲಾಗಿದೆ ಎಂದು ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಹೊರಗಿಟ್ಟವಳಿಗೂ ಗೊತ್ತಿರಲಿಲ್ಲ. ಅನ್ಯಾಯ ಮಾಡುವ ಉದ್ದೇಶ ಯಾರಿಗೂ ಇಲ್ಲದೆ ಅನ್ಯಾಯ ನಡೆದುಹೋಗುವುದು ಹೀಗೆ.

*

ಉದ್ದೇಶವಿಲ್ಲದಿದ್ದರೆ ಹೊಣೆಯೂ ಇಲ್ಲವೇ? ನನ್ನ ಗೆಳೆಯರೊಬ್ಬರು ಹಾಗೇ ವಾದಿಸಿದರು. ಹೆಸರು ಬದಲಾಯಿಸಿದ್ದು ಉಬುಂಟು, ಸರ್ವರು ಏರಿಸಿದ್ದು ಇನ್ಯಾರೋ, ಸಂದೇಶ ತಪ್ಪಾಗಿ ಕೊಟ್ಟಿದ್ದು ಡ್ರೈವರು, ನಿನ್ನದೇನು? ಅಲ್ಲದೆ ಪ್ರತಿಯೊಂದು ‘ಇಲ್ಲ’ವನ್ನೂ ಅನುಮಾನಿಸುತ್ತಾ ಕೂತರೆ ಜಗತ್ತಿನ ಯಾವ ಕೆಲಸವೂ ಮುಗಿಯುವುದಿಲ್ಲ. ಅಧಿಕಾರಿ ಅರ್ಜಿ ತಿರಸ್ಕರಿಸಲೇಬೇಕು, ವೈದ್ಯರು ರೋಗ ಇಲ್ಲ ಎನ್ನಲೇಬೇಕು, ಸಂಶೋಧಕರು ಸಂಬಂಧ ಕಾಣಲಿಲ್ಲ ಎಂದು ಬರೆಯಲೇಬೇಕು.

ಎರಡನೆಯ ಮಾತು ತೂಕದ್ದು. ಅದಕ್ಕೆ ಉತ್ತರ, ಎಲ್ಲವನ್ನೂ ಅನುಮಾನಿಸು ಎಂಬುದಲ್ಲ. ಅನುಮಾನದ ಖರ್ಚನ್ನು ಯಾರು ಹೊರಬೇಕು ಎಂಬುದು ಪ್ರಶ್ನೆ. ಬ್ರಿಟನ್ನಿನ ಅಂಚೆ ಇಲಾಖೆ 1999ರಿಂದ ಹೊರೈಜನ್ ಎಂಬ ತಂತ್ರಾಂಶ ಬಳಸಿತು. ಅದು ತೋರಿಸಿದ ಲೆಕ್ಕದಲ್ಲಿ ಹಣ ಕಡಿಮೆ ಬಂದಾಗ ಊರೂರಿನ ಸಣ್ಣ ಅಂಚೆ ಕಚೇರಿ ನಡೆಸುವವರನ್ನು ಕಳ್ಳರೆಂದರು. 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ಕೆಲವರು ಜೈಲು ಕಂಡರು. ತಂತ್ರಾಂಶದಲ್ಲೇ ದೋಷಗಳಿದ್ದವು ಎಂಬುದು 2019ರಲ್ಲಿ ನ್ಯಾಯಾಲಯದಲ್ಲಿ ಸಾಬೀತಾಯಿತು. ಅಷ್ಟು ವರ್ಷ ಆ ದೇಶದ ಕಾನೂನು, ಬೇರೆ ಸಾಕ್ಷ್ಯವಿಲ್ಲದಿದ್ದರೆ ಕಂಪ್ಯೂಟರು ಸರಿಯಾಗಿ ಕೆಲಸ ಮಾಡಿದೆ ಎಂದೇ ಊಹಿಸುತ್ತಿತ್ತು. ತಪ್ಪಿದೆ ಎಂದು ತೋರಿಸುವ ಭಾರ, ಕಂಪ್ಯೂಟರಿನ ಒಳಗು ನೋಡಲು ಸಾಧ್ಯವೇ ಇಲ್ಲದವರ ತಲೆಯ ಮೇಲಿತ್ತು.

ಅನುಪಲಬ್ಧಿಯ ಷರತ್ತನ್ನು ನೀತಿಯ ಮಾತಾಗಿ ತಿರುಗಿಸಿದರೆ ಇದಕ್ಕೆ ಉತ್ತರ ಸಿಗುತ್ತದೆ ಎಂದು ನನಗನಿಸುತ್ತದೆ. ಕತ್ತಲ ಕೋಣೆಯಲ್ಲಿ ಮಡಕೆ ಇದೆಯೋ ಇಲ್ಲವೋ ಎಂದು ಜಗಳವಾದರೆ, ದೀಪದ ಸ್ವಿಚ್ಚು ಯಾರ ಕೈಗೆ ಎಟುಕುತ್ತದೋ ಅವರು ದೀಪ ಹಚ್ಚಬೇಕು. ಅತ್ತೆಗೆ ಎಲ್‌ಡಿಡಿ ಓಡಿಸಲು ಬರುವುದಿಲ್ಲ, ನನ್ನ ಸರ್ವರಿನ ಬಾಗಿಲು ಅವರಿಗೆ ತೆರೆದಿಲ್ಲ. ನನಗೆ ಬರುತ್ತದೆ, ತೆರೆದಿದೆ. ಹೆಸರು ಬದಲಾದದ್ದು ನನ್ನ ತಪ್ಪಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಬಿದ್ದರೆ ಸದ್ದು ಮಾಡಬೇಡ ಎಂದು ಕೆಲಸಕ್ಕೆ ಹೇಳಿಕೊಟ್ಟವಳು ನಾನು. ಖಾಲಿಗೆ ಸೊನ್ನೆ ಬಳಿದವಳು ನಾನು. ಅಜ್ಞಾನ ತಾನಾಗಿ ಬಂದಿದ್ದರೆ ಕ್ಷಮೆ ಇರಬಹುದು. ಇದು ನಾನು ಅನುಕೂಲಕ್ಕೆಂದು ಕೂರಿಸಿಕೊಂಡ ಅಜ್ಞಾನ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಸೊನ್ನೆ ಬಂದಿತ್ತು, ಅದು ಯಂತ್ರದ ದಾರಿಯಲ್ಲಿ ಬಂದದ್ದು. ಅದರ ಕಾರಣದ ಎರಡು ಪುಟ ಯಾವ ಯಂತ್ರವೂ ಬರೆದದ್ದಲ್ಲ. ಹಿಂದುಳಿದ ತಾಲ್ಲೂಕು, ಜಿಲ್ಲೆಯಿಂದ ಜಿಲ್ಲೆಗೆ ಎಸೆಯಲ್ಪಟ್ಟದ್ದು, ಅಲ್ಲಿ ಹೆಣ್ಣುಮಕ್ಕಳಿಗೆ ಸಾಲ ಸಿಗುವುದಿಲ್ಲ ಎಂದರೆ ನಾನು ತಕ್ಷಣ ನಂಬಿದೆ. ಹಡಗಲಿಗೋ ಕೂಡ್ಲಿಗಿಗೋ ಸೊನ್ನೆ ಬಂದಿದ್ದರೆ ನಂಬುತ್ತಿದ್ದೆನೇ ಎಂದು ಕೇಳಿಕೊಂಡಿದ್ದೇನೆ. ಬಹುಶಃ ಲಾಗ್ ತೆರೆದು ನೋಡುತ್ತಿದ್ದೆ. ಕೊರತೆಯ ಕತೆ ಹೇಳಿ ಹೇಳಿ ರೂಢಿಯಾದ ಊರಿನ ಬಗ್ಗೆ ಕೊರತೆಯ ಅಂಕಿ ಬಂದರೆ ನಮಗೆ ಅದು ಪುರಾವೆಯಂತೆ ಕಾಣುತ್ತದೆ. ಕನಿಕರ ಕೂಡ ಹೀಗೆ ಕಣ್ಣು ಕಟ್ಟಬಲ್ಲುದು. ಅತ್ತೆಯಂಥವರು ವರ್ಷವರ್ಷ ಸೊಸೈಟಿಯ ಮುಂದೆ ನಿಂತು, ಪಹಣಿ ತೋರಿಸಿ, ಸಹಿ ಮಾಡಿ ತಂದ ಸಾಲವನ್ನು, ಬೆಳೆದು ತೀರಿಸಿದ ಮರ್ಯಾದೆಯನ್ನು, ನಾನು ಅವರ ಪರವಾಗಿ ಮಾತಾಡುತ್ತೇನೆ ಎಂದುಕೊಂಡೇ ಅಳಿಸಿದ್ದೆ.

*

ಮುಂದಿನ ಸೆಮಿನಾರಿನಲ್ಲಿ ಆದದ್ದನ್ನು ಹೇಳಿದೆ. ಹೇಳುವುದು ಸುಲಭವಿರಲಿಲ್ಲ. ಇದು ತಾಂತ್ರಿಕ ದೋಷ, ಅಡಿಟಿಪ್ಪಣಿಯಲ್ಲಿ ಹಾಕಿದರೆ ಸಾಕು ಎಂದು ಒಬ್ಬರು ಸಮಾಧಾನ ಮಾಡಿದರು. ಎರಡು ಪುಟ ವಿವರಣೆ ತಾಂತ್ರಿಕ ದೋಷವಲ್ಲ ಎಂದೆ. ಅದನ್ನು ತೆಗೆದುಹಾಕಿದ್ದೇನೆ.

ಕೆಲಸದ ಎರಡು ಸಾಲುಗಳನ್ನೂ ಬದಲಾಯಿಸಿದೆ. ಈಗ ಒಂದು ಹೆಜ್ಜೆ ಬಿದ್ದರೆ ಇಡೀ ಕೆಲಸ ನಿಂತು ನನಗೆ ಮೇಲ್ ಬರುತ್ತದೆ. ಓಡುವ ಮುಂಚೆ ಎರಡೂ ಡೇಟಾಬೇಸುಗಳಿಗೆ, ಇದ್ದೇ ಇದೆ ಎಂದು ನನಗೆ ಗೊತ್ತಿರುವ ಒಂದೊಂದು ದಾಖಲೆಯನ್ನು ಕೊಡು ಎಂದು ಕೇಳುತ್ತದೆ. ಆ ದಾಖಲೆ ಬರದಿದ್ದರೆ ದೀಪ ಹತ್ತಿಲ್ಲ ಎಂದು ಅರ್ಥ, ಮುಂದಕ್ಕೆ ಹೋಗುವುದಿಲ್ಲ. ಇದರಿಂದ ತೊಂದರೆಯೂ ಇದೆ. ಕೆಲವು ಬೆಳಿಗ್ಗೆ ಕೋಷ್ಟಕವೇ ತಯಾರಾಗಿರುವುದಿಲ್ಲ, ಅರ್ಧ ದಿನ ಅದಕ್ಕೇ ಹೋಗುತ್ತದೆ. ಖಾಲಿ ಜಾಗ ಖಾಲಿಯಾಗಿಯೇ ಉಳಿಯುತ್ತದೆ. ಎಲ್ಲ ಸರಿಮಾಡಿದ ಮೇಲೂ ಕೆಲವು ಮನೆಗಳ ಸಾಲದ ವಿವರ ಎರಡು ಕಡೆಯೂ ಸಿಗಲಿಲ್ಲ. ಅವರು ಸಾಲ ತೆಗೆದಿಲ್ಲವೋ, ಹೆಸರು ಬೇರೆ ರೀತಿ ಬರೆದಿದ್ದಾರೋ ನನಗೆ ಗೊತ್ತಿಲ್ಲ. ಕೋಷ್ಟಕದಲ್ಲಿ ಅವರಿಗೆಂದೇ ಒಂದು ಕಲಮು ಮಾಡಿ ‘ತಿಳಿದಿಲ್ಲ’ ಎಂದು ಬರೆದಿದ್ದೇನೆ. ಪ್ರಬಂಧದಲ್ಲಿ ಇಂಥ ಕಲಮು ಚೆನ್ನಾಗಿ ಕಾಣುವುದಿಲ್ಲ ಎಂದು ಹೇಳಿದವರಿದ್ದಾರೆ. ಅವರು ಹೇಳುವುದು ನಿಜ, ಚೆನ್ನಾಗಿ ಕಾಣುವುದಿಲ್ಲ.

ಆ ಮನೆಗಳ ಊರುಗಳಿಗೆ ಬೇಸಿಗೆಯಲ್ಲಿ ಹೋಗಿ ಕೇಳಿಬರಬೇಕು ಎಂದಿದ್ದೇನೆ. ಅತ್ತೆಗೆ ಫೋನ್ ಮಾಡಿ ತಿಳಿಸಿದಾಗ, ‘ಬಸ್ಸಿನಾಗ ಬರಬ್ಯಾಡ, ಬಿಸಿಲು ಭಾಳ. ಬೆಳಗ್ಗೆ ಲಗೂನ ಬಾ, ಪಕ್ಕದೂರಿಗೆ ನಾನೇ ಕರ್ಕೊಂಡು ಹೋಗ್ತೀನಿ’ ಎಂದರು.